ರೋಲ್‌ಬ್ಯಾಕ್ ಕೊನೆಗೆ ಸೇರಿಸಬಹುದೇ? ಹಳೆಯ ಫೈಟಿಂಗ್ ಗೇಮ್ ಮತ್ತೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಆರ್ಕೇಡ್ ಕಾಲದ ಫೈಟಿಂಗ್ ಗೇಮ್‌ಗಳನ್ನು ಈಗಿನ ಆಟಗಾರರಿಗಾಗಿ ಮತ್ತೆ ಕಟ್ಟಲು ಹೊರಟವರು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತವೆ: ಆನ್‌ಲೈನ್ ಪಂದ್ಯದ ತಡವನ್ನು ಊಹೆಯಿಂದ ಮುಚ್ಚುವ ರೋಲ್‌ಬ್ಯಾಕ್ ವಿಧಾನವನ್ನು ಯಾವಾಗ ಸೇರಿಸಬೇಕು? ಆದ್ದರಿಂದ ಈ ಸಲ ಜಾಗದ ಬಹುಪಾಲು ಅದಕ್ಕೇ. ಹಿಟ್‌ಬಾಕ್ಸ್, ಸ್ಟಾರ್ಟಪ್, ರಿಕವರಿ ಅಂದರೇನು ಎಂದು ವಿವರಿಸುವುದಿಲ್ಲ. ಇಂಥ ಗೇಮ್ ಕಟ್ಟಲು ಕೂತವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ತೊಂಬತ್ತರ ದಶಕದ ಒಂದು 2ಡಿ ಸರಣಿಯನ್ನು ಹಕ್ಕುದಾರರ ಒಪ್ಪಿಗೆ ಪಡೆದು ಹೊಸ ಎಂಜಿನ್‌ನಲ್ಲಿ ಮಾಡುತ್ತಿದ್ದೇವೆ. ಪಾತ್ರಗಳು, ಹಿನ್ನೆಲೆಗಳು ಬಹುತೇಕ ಮುಗಿದಿವೆ. ರೋಲ್‌ಬ್ಯಾಕ್ ನೆಟ್‌ಕೋಡ್ (ಆನ್‌ಲೈನ್‌ನಲ್ಲಿ ಇಬ್ಬರ ಆಟವನ್ನು ಹೊಂದಿಸುವ ಕೋಡ್) ಅನ್ನು ಬಿಡುಗಡೆಗೆ ಎರಡು ತಿಂಗಳಿರುವಾಗ ಸೇರಿಸಿದರೆ ಸಾಕಲ್ಲವೇ? ಈಗ ಎಲ್ಲೆಡೆ ಫೈಬರ್ ಇರುವುದರಿಂದ ಡಿಲೇ ಪದ್ಧತಿಯೇ ನಡೆಯುತ್ತದೆ ಎಂದೂ ಕೆಲವರು ಹೇಳುತ್ತಾರೆ.

ಸಾಲದು. ಫೈಬರ್ ಮಾತಂತೂ ಪೂರ್ತಿ ತಪ್ಪು, ಅದನ್ನು ಮೊದಲು ಮುಗಿಸುತ್ತೇನೆ.

ಫೈಬರ್ ಒಳಗೆ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. 6,000 ಕಿ.ಮೀ. ದೂರವಿರುವ ಇಬ್ಬರ ನಡುವೆ ಒಂದು ದಿಕ್ಕಿಗೇ 30 ಮಿಲಿಸೆಕೆಂಡ್ ಬೇಕು, ನಡುವಿನ ರೂಟರ್‌ಗಳು ತಿನ್ನುವ ಸಮಯ ಬೇರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ 16.67 ಮಿಲಿಸೆಕೆಂಡ್. ಡಿಲೇ ಪದ್ಧತಿಯಲ್ಲಿ ಎದುರಾಳಿಯ ಇನ್‌ಪುಟ್ ಬಂದು ಮುಟ್ಟುವ ತನಕ ನಿಮ್ಮ ಗುಂಡಿಯೂ ಕಾಯುತ್ತದೆ, ಆ ಕಾಯುವಿಕೆ ಪಂದ್ಯದ ನಡುವೆಯೇ ಏರಿಳಿಯುತ್ತದೆ. ನಿನ್ನೆ ಕೂಡಿಬಂದ ಕಾಂಬೊ (ಒಂದರ ಹಿಂದೊಂದು ಹೊಡೆತಗಳ ಸರಣಿ) ಇವತ್ತು ತಪ್ಪುತ್ತದೆ, ತಪ್ಪಿದ್ದು ಕೈಯೋ ಲೈನೋ ಎಂದು ಆಟಗಾರನಿಗೆ ತಿಳಿಯುವುದೇ ಇಲ್ಲ. ಅಂಥ ಆಟದಲ್ಲಿ ಯಾರೂ ಕಲಿಯಲಾರರು. ಹಾಗೆಯೇ, ಪಿಂಗ್ (ಡೇಟಾ ಹೋಗಿ ಮರಳುವ ಸಮಯ) ಅನ್ನು ಶೂನ್ಯಕ್ಕೆ ಇಳಿಸುತ್ತೇವೆ ಎಂದು ತಿಂಗಳ ಚಂದಾ ಕೇಳುವ ಆ್ಯಪ್‌ಗಳು ಮೋಸ. ಸುತ್ತುದಾರಿ ಹಿಡಿದ ಡೇಟಾವನ್ನು ನೇರ ದಾರಿಗೆ ತಿರುಗಿಸಿದರೆ ಕೆಲವೊಮ್ಮೆ ಸ್ವಲ್ಪ ಉಳಿತಾಯವಾದೀತು, ಆದರೆ ಬೆಳಕಿನ ವೇಗವನ್ನು ಯಾರೂ ಮಾರುವುದಿಲ್ಲ. ಆಟಗಾರ ತಾನೇ ಮಾಡಬಹುದಾದ ಒಂದು ಒಳ್ಳೆಯ ಕೆಲಸವೆಂದರೆ ವೈ-ಫೈ ಬಿಟ್ಟು ಕೇಬಲ್ ಚುಚ್ಚುವುದು. ವೈ-ಫೈಯಲ್ಲಿ ಸರಾಸರಿ ಪಿಂಗ್ ಚೆನ್ನಾಗಿಯೇ ಕಾಣುತ್ತದೆ, ಕೆಡಿಸುವುದು ಅದರ ಏರಿಳಿತ.

ಇನ್ನು ರೋಲ್‌ಬ್ಯಾಕ್. ಎದುರಾಳಿಯ ಇನ್‌ಪುಟ್ ಬರುವ ಮೊದಲೇ, ಅವನು ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆಂದು ಊಹಿಸಿ ಆಟ ಮುಂದೆ ಹೋಗುತ್ತದೆ. ಊಹೆ ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಿ, ನಿಜವಾದ ಇನ್‌ಪುಟ್‌ನಿಂದ ಅಷ್ಟೂ ಫ್ರೇಮ್‌ಗಳನ್ನು ಒಂದೇ ಫ್ರೇಮಿನ ಸಮಯದೊಳಗೆ ಮತ್ತೆ ಲೆಕ್ಕ ಹಾಕುತ್ತದೆ. ಇದಕ್ಕೆ ನೆಟ್‌ವರ್ಕ್ ಭಾಗವನ್ನು ನೀವು ಬರೆಯಬೇಕಿಲ್ಲ. ಟೋನಿ ಕ್ಯಾನನ್ ಮಾಡಿದ ಜಿಜಿಪಿಒ ಎಂಬ ರೋಲ್‌ಬ್ಯಾಕ್ ಲೈಬ್ರರಿ 2019ರಿಂದ ಎಂಐಟಿ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಆಟದ ಸ್ಥಿತಿಯನ್ನು ಉಳಿಸುವುದು, ಮರಳಿ ತುಂಬುವುದು, ಮತ್ತೆ ಓಡಿಸಿದಾಗ ಒಂದು ಬಿಟ್ ಕೂಡ ಬದಲಾಗದಂತೆ ಅದೇ ಫಲಿತಾಂಶ ಕೊಡುವುದು ನಿಮ್ಮ ಕೆಲಸ. ಆ ಗುಣ ಆಟದ ಪ್ರತಿ ಸಾಲಿನಲ್ಲೂ ಇರಬೇಕು. ಅದನ್ನು ಎರಡು ತಿಂಗಳಲ್ಲಿ ತುರುಕಲಾಗುವುದಿಲ್ಲ. 2019ರ ಸಮುರಾಯ್ ಶೋಡೌನ್‌ಗೆ ರೋಲ್‌ಬ್ಯಾಕ್ ಬಂದದ್ದು 2023ರಲ್ಲಿ, ಅಷ್ಟರಲ್ಲಿ ಮೊದಲ ವರ್ಷದ ಆಟಗಾರರಲ್ಲಿ ಬಹಳ ಜನ ಬೇರೆ ಆಟ ಹಿಡಿದಿದ್ದರು.

ಈಗಲೇ ಶುರು ಮಾಡಿ, ಕಲಾವಿದರ ಕೆಲಸ ಸ್ವಲ್ಪ ನಿಂತರೂ ಪರವಾಗಿಲ್ಲ.

ಮೊದಲು ಆಟದ ಲೆಕ್ಕವನ್ನು ಚಿತ್ರದಿಂದ ಪೂರ್ತಿ ಬೇರ್ಪಡಿಸಿ. ಈಗಿನ ಸ್ಥಿತಿ, ಇಬ್ಬರ ಇನ್‌ಪುಟ್ ಒಳಗೆ ಹೋಗಬೇಕು, ಮುಂದಿನ ಸ್ಥಿತಿ ಹೊರಬರಬೇಕು, ಬೇರೆ ಯಾವುದೂ ನಡುವೆ ಸುಳಿಯಬಾರದು. ಎಂಜಿನ್ ಕೊಡುವ ಡೆಲ್ಟಾ ಟೈಮ್ (ಹಿಂದಿನ ಚಿತ್ರದಿಂದ ಕಳೆದ ಸಮಯ) ಬೇಡ, ಲೆಕ್ಕ ಸೆಕೆಂಡಿಗೆ 60 ಬಾರಿ ಮಾತ್ರ. ಎಂಜಿನ್ ಜೊತೆ ಬರುವ ಫಿಸಿಕ್ಸ್ ಬೇಡ. ಜಾಗ, ವೇಗ ಎಲ್ಲ ಪೂರ್ಣಾಂಕದಲ್ಲಿರಲಿ: ಒಂದು ಪಿಕ್ಸೆಲ್‌ಗೆ 256 ಉಪಘಟಕ ಇಟ್ಟರೆ ಜಿಗಿತದ ಕಮಾನು ನಯವಾಗಿಯೇ ಬರುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಬಳಸಿದರೆ ಎರಡು ಕಂಪೈಲರ್‌ಗಳ ಸೈನ್, ಕೊಸೈನ್ ಉತ್ತರದಲ್ಲಿ ಕೊನೆಯ ಬಿಟ್ ಬೇರೆಯಾಗಿ, ಮೂರನೆಯ ಸುತ್ತಿನಲ್ಲಿ ಇಬ್ಬರ ಪರದೆಯ ಮೇಲೂ ಬೇರೆ ಬೇರೆ ಪಂದ್ಯ ನಡೆಯುತ್ತದೆ. ಹೊಡೆತ 5ನೇ ಫ್ರೇಮಿನಲ್ಲಿ ತಾಗಬೇಕೆಂದರೆ ಆ 5 ನಿಮ್ಮ ಕೋಷ್ಟಕದಿಂದ ಬರಬೇಕು. ಎಂಜಿನ್‌ನ ಅನಿಮೇಶನ್ ಇವೆಂಟ್‌ನಿಂದ ಹೊಡೆತ ಶುರುಮಾಡಿದ ಯೋಜನೆಗಳೆಲ್ಲ ಇಲ್ಲೇ ಮುಗ್ಗರಿಸುತ್ತವೆ. 2021ರ ಗಿಲ್ಟಿ ಗಿಯರ್ ಸ್ಟ್ರೈವ್ ಅನ್‌ರಿಯಲ್ ಎಂಜಿನ್‌ನಲ್ಲೇ ಇದ್ದು ಒಳ್ಳೆಯ ರೋಲ್‌ಬ್ಯಾಕ್‌ನೊಂದಿಗೆ ಬಂತು. ಹಾಗಾಗಿ ದೊಡ್ಡ ಎಂಜಿನ್ ಅಡ್ಡಿಯೆಂಬ ನೆಪ ನಡೆಯದು.

ಎರಡನೆಯದಾಗಿ, ಸ್ಥಿತಿಯೆಲ್ಲ ಒಂದೇ ಅಖಂಡ ಮೆಮೊರಿ ತುಂಡಿನಲ್ಲಿರಲಿ. ಪಾಯಿಂಟರ್ (ಮೆಮೊರಿ ವಿಳಾಸ) ಬೇಡ, ಕ್ರಮಸಂಖ್ಯೆ ಸಾಕು. ಫೈರ್‌ಬಾಲ್‌ಗಳಿಗೆ 16 ಜಾಗದ ನಿಗದಿತ ಪಟ್ಟಿ ಇಡಿ, ಆಟದ ನಡುವೆ ಹೊಸ ಮೆಮೊರಿ ಕೇಳಬೇಡಿ. ಹೀಗೆ ಮಾಡಿದರೆ ಉಳಿಸುವುದೆಂದರೆ ಒಂದು ನಕಲು ಅಷ್ಟೇ. ನಿಯೊ ಜಿಯೊ ಎಂಬ ಹಳೆಯ ಆಟದ ಯಂತ್ರದ ಮುಖ್ಯ ಪ್ರೊಸೆಸರ್‌ಗೆ ಇದ್ದದ್ದು 64 ಕಿಲೊಬೈಟ್ ವರ್ಕ್ ರಾಮ್, ಅದರಲ್ಲೇ ಪೂರ್ತಿ ಪಂದ್ಯ ನಡೆಯುತ್ತಿತ್ತು. ಎಮ್ಯುಲೇಟರ್‌ಗಳಿಗೆ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಳೆಯ ಆಟಗಳಲ್ಲಿ ರೋಲ್‌ಬ್ಯಾಕ್ ಸುಲಭವಾದದ್ದು ಇದರಿಂದಲೇ.

ಈ ತುಂಡಿನೊಳಗೆ ಸೇರಿಸಲು ಮರೆಯುವ ವಸ್ತುಗಳು ಎಲ್ಲ ತಂಡಗಳಲ್ಲೂ ಒಂದೇ. ರ‍್ಯಾಂಡಮ್ ಬೀಜ (ಯಾದೃಚ್ಛಿಕ ಸಂಖ್ಯೆಗಳು ಹುಟ್ಟುವ ಮೊದಲ ಸಂಖ್ಯೆ). ಹಿಟ್‌ಸ್ಟಾಪ್ (ಹೊಡೆತ ತಾಗಿದಾಗ ಆಟ ಕ್ಷಣಕಾಲ ನಿಲ್ಲುವುದು) ಎಣಿಕೆ. ಇನ್‌ಪುಟ್ ಇತಿಹಾಸ: ಇದು ಹಿಂದೆ ಸರಿಯದಿದ್ದರೆ ರೋಲ್‌ಬ್ಯಾಕ್ ಆದ ಕ್ಷಣಕ್ಕೆ ಸರಿಯಾಗಿ ಸುತ್ತಿದ ಫೈರ್‌ಬಾಲ್ ಹೊರಡುವುದಿಲ್ಲ, ಆಟಗಾರ ತನ್ನ ಲಿವರ್‌ಗೆ (ಜಾಯ್‌ಸ್ಟಿಕ್) ಬೈಯುತ್ತಾನೆ. ಕೊನೆಗೆ ಕ್ಯಾಮೆರಾ. 2ಡಿ ಆಟದಲ್ಲಿ ಪರದೆಯ ಅಂಚು ಪಾತ್ರಗಳಿಗೆ ಗೋಡೆ. ಅಂದಮೇಲೆ ಕ್ಯಾಮೆರಾ ಎಲ್ಲಿದೆ ಎಂಬುದೂ ಆಟದ ಸ್ಥಿತಿಯೇ. ಅದನ್ನು ಚಿತ್ರದ ಕಡೆಗೆ ತಳ್ಳಿದರೆ ಮೂಲೆಯ ಕಾಂಬೊಗಳಲ್ಲಿ ಮಾತ್ರ ಕಾಣುವ, ಹಿಡಿಯಲು ವಾರಗಳೇ ಬೇಕಾಗುವ ತಾಳತಪ್ಪು ಬರುತ್ತದೆ.

ಮೂರನೆಯದು ಸಿಂಕ್ ಪರೀಕ್ಷೆ. ಇದನ್ನು ಬಿಟ್ಟವರ ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ವ್ಯರ್ಥ. ಪ್ರತಿ ಫ್ರೇಮಿನಲ್ಲೂ 7 ಫ್ರೇಮ್ ಹಿಂದಕ್ಕೆ ಹೋಗಿ, ಮತ್ತೆ ಓಡಿಸಿ, ಚೆಕ್‌ಸಮ್ (ಸ್ಥಿತಿಯಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸಿ. ಒಂದೇ ಕಂಪ್ಯೂಟರ್ ಸಾಕು, ನೆಟ್‌ವರ್ಕ್ ಬೇಡ. ತಂಡದ ಎಲ್ಲರ ದಿನನಿತ್ಯದ ಬಿಲ್ಡ್‌ನಲ್ಲೂ ಇದು ಸದಾ ಚಾಲೂ ಇರಲಿ. ಹೊಂದದಿದ್ದರೆ ಎರಡೂ ಸ್ಥಿತಿಗಳನ್ನು ಫೈಲಿಗೆ ಬರೆದು ಅಂಶ ಅಂಶವಾಗಿ ಹೋಲಿಸಿ. ಸಾಮಾನ್ಯ ಅಪರಾಧಿಗಳು: ಬೆಲೆ ತುಂಬದೆ ಬಿಟ್ಟ ವೇರಿಯಬಲ್, ಸ್ಟ್ರಕ್ಟ್‌ನ ನಡುವಿನ ಖಾಲಿ ಬೈಟ್‌ಗಳು, ಹ್ಯಾಶ್ ಮ್ಯಾಪ್ ಅನ್ನು ಸುತ್ತುವ ಕ್ರಮ, ಧೂಳು-ಕಿಡಿಗಳ ಎಫೆಕ್ಟ್ ಆಟದ ರ‍್ಯಾಂಡಮ್ ಸಂಖ್ಯೆಯನ್ನೇ ಎಳೆದುಕೊಳ್ಳುವುದು.

ಸಮಯದ ಲೆಕ್ಕ ಹೀಗಿದೆ. ಕೆಟ್ಟ ಸಂದರ್ಭದಲ್ಲಿ ಒಂದೇ ಫ್ರೇಮಿನಲ್ಲಿ 8 ಫ್ರೇಮ್‌ಗಳ ಲೆಕ್ಕ ಓಡಬೇಕು, ಚಿತ್ರ ಮಾತ್ರ ಒಂದೇ ಸಲ. ಆದ್ದರಿಂದ ಉಳಿಸುವುದೂ ಸೇರಿ ಒಂದು ಫ್ರೇಮಿನ ಲೆಕ್ಕ 1 ಮಿಲಿಸೆಕೆಂಡ್ ದಾಟಬಾರದು. ಇನ್‌ಪುಟ್ ಡಿಲೇ 2 ಫ್ರೇಮ್‌ಗೆ ಕಟ್ಟಿ, ಅದನ್ನು ಬದಲಿಸುವ ಆಯ್ಕೆ ಆಟಗಾರನಿಗೆ ಬಿಡಿ. ಒಂದು ದಿಕ್ಕಿಗೆ 50 ಮಿಲಿಸೆಕೆಂಡ್ ಹಿಡಿಯುವ ಪಂದ್ಯ 3 ಫ್ರೇಮ್‌ನಷ್ಟು ದೂರ. ಎರಡನ್ನು ಡಿಲೇ ನುಂಗಿದರೆ ಹಿಂದೆ ಸರಿಯುವುದು 1 ಫ್ರೇಮ್, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಯಾಕೆಟ್ ಯುಡಿಪಿಯಲ್ಲೇ (ತಲುಪಿತೇ ಎಂದು ಕಾಯದೆ ಕಳಿಸುವ ವಿಧಾನ) ಹೋಗಲಿ, ಎದುರು ಕಡೆ ಇನ್ನೂ ತಲುಪಿದೆ ಎಂದು ಖಚಿತಪಡಿಸದ ಇನ್‌ಪುಟ್‌ಗಳೆಲ್ಲ ಪ್ರತಿ ಪ್ಯಾಕೆಟ್‌ನಲ್ಲೂ ಇರಲಿ. ಫ್ರೇಮಿಗೆ 2 ಬೈಟ್ ತಾನೇ? ಆಗ ಒಂದೆರಡು ಪ್ಯಾಕೆಟ್ ಕಳೆದರೂ ಕೇಡಿಲ್ಲ.

ಶಬ್ದವನ್ನು ಎಲ್ಲರೂ ಕಡೆಗಣಿಸುತ್ತಾರೆ. ಮತ್ತೆ ಓಡಿಸಿದಾಗಲೆಲ್ಲ ಒದೆತದ ಸದ್ದು ಹೊಸದಾಗಿ ಶುರುವಾದರೆ ಕಿವಿಗೆ ಬೀಳುವುದು ತೊದಲು. ಪ್ರತಿ ಸದ್ದಿಗೂ ಫ್ರೇಮ್ ಸಂಖ್ಯೆ, ಪಾತ್ರ, ಬಗೆ ಸೇರಿಸಿ ಗುರುತು ಕೊಡಿ. ಅದೇ ಗುರುತಿನದು ಈಗಾಗಲೇ ಓಡುತ್ತಿದ್ದರೆ ಮುಟ್ಟಬೇಡಿ, ಹೊಸ ಲೆಕ್ಕದಲ್ಲಿ ಅದು ಇಲ್ಲದಿದ್ದರೆ ಮೆಲ್ಲಗೆ ಇಳಿಸಿ. ಕೆ.ಒ. (ನಾಕ್‌ಔಟ್) ಘೋಷಣೆಯನ್ನು ಆ ಫ್ರೇಮಿನ ಇಬ್ಬರ ಇನ್‌ಪುಟ್ ಖಚಿತವಾದ ಮೇಲಷ್ಟೇ ಕೂಗಿಸಿ. ಸತ್ತವನು ಎದ್ದು ನಿಲ್ಲುವ ದೃಶ್ಯವನ್ನು ಆಟಗಾರರು ಕ್ಷಮಿಸುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿಯೂ ಕೆಡಿಸುವ ಒಂದು ಜಾಗ ಇದೆ: ಇಬ್ಬರ ಗಡಿಯಾರ. ಒಂದು ಕಂಪ್ಯೂಟರ್ ಕೆಲವು ಫ್ರೇಮ್ ಮುಂದೆ ಓಡಿದರೆ ರೋಲ್‌ಬ್ಯಾಕ್ ಎಲ್ಲ ಅದರ ಮೇಲೇ ಬೀಳುತ್ತದೆ, ಇನ್ನೊಬ್ಬನಿಗೆ ಪಂದ್ಯ ಬೆಣ್ಣೆಯಂತಿರುತ್ತದೆ. 2016ರ ಸ್ಟ್ರೀಟ್ ಫೈಟರ್ 5ರಲ್ಲಿ ಇದೇ ಆಗಿತ್ತು. ಒಬ್ಬ ಆಟಗಾರ 2020ರ ಜನವರಿಯಲ್ಲಿ ತಾನೇ ತೇಪೆ ಹಾಕಿ ತೋರಿಸಿದ ಮೇಲೆ ಕ್ಯಾಪ್‌ಕಾಮ್‌ನ ಸ್ವಂತ ತಿದ್ದುಪಡಿ ಬಂತು. ಯಾರು ಎಷ್ಟು ಫ್ರೇಮ್ ಮುಂದಿದ್ದಾರೆ ಎಂಬುದನ್ನು ಪ್ರತಿ ಪ್ಯಾಕೆಟ್‌ನಲ್ಲೂ ಹೇಳಿಕೊಳ್ಳಬೇಕು, ಸರಾಸರಿ ತೆಗೆಯಬೇಕು, ಮುಂದಿರುವವನು ಆಗಾಗ ಒಂದೊಂದೇ ಫ್ರೇಮ್ ನಿಲ್ಲಬೇಕು. ಒಟ್ಟಿಗೆ ನಾಲ್ಕು ನಿಂತರೆ ಅದು ಜರ್ಕ್ ಆಗಿ ಕಾಣುತ್ತದೆ.

ಪರೀಕ್ಷೆಯನ್ನು ಕಚೇರಿಯ ಎರಡು ಮೇಜುಗಳ ನಡುವೆ ಮಾಡಿ ಮುಗಿಸಬೇಡಿ. ಕೆಟ್ಟ ನೆಟ್‌ವರ್ಕ್ ಅನ್ನು ಅನುಕರಿಸುವ ಲಿನಕ್ಸ್‌ನ ನೆಟ್‌ಎಮ್‌ನಲ್ಲಿ 100 ಮಿಲಿಸೆಕೆಂಡ್ ತಡ, 20 ಮಿಲಿಸೆಕೆಂಡ್ ಏರಿಳಿತ, ಶೇ 2 ಪ್ಯಾಕೆಟ್ ನಷ್ಟ ಇಟ್ಟು ಆಡಿ. ಅಲ್ಲಿ ಪಂದ್ಯ ಆಡುವಂತಿದ್ದರೆ ಮಾತ್ರ ಬಿಡುಗಡೆಯ ದಿನಾಂಕದ ಮಾತು.

ಪ್ರಶ್ನೆ: ಮೂಲ ಆಟದ ಫ್ರೇಮ್ ಸಂಖ್ಯೆಗಳನ್ನೇ ಹಾಕಿದ್ದೇವೆ, ಆದರೂ ಹಳಬರು ವೇಗ ಬೇರೆ ಎನ್ನುತ್ತಾರೆ. ಬರೀ ನೆನಪಿನ ಮೋಹವೇ?

ಮೋಹವಲ್ಲ, ಅವರ ಕೈ ಸರಿಯಾಗಿ ಹೇಳುತ್ತಿದೆ. ಹಳೆಯ ಬೋರ್ಡ್‌ಗಳು 60ಕ್ಕೆ ಓಡುತ್ತಿರಲಿಲ್ಲ. ಕ್ಯಾಪ್‌ಕಾಮ್‌ನ ಸಿಪಿಎಸ್-2 ಆರ್ಕೇಡ್ ಬೋರ್ಡ್ ಓಡಿದ್ದು 59.63 ಹರ್ಟ್ಸ್‌ನಲ್ಲಿ, ನಿಯೊ ಜಿಯೊ ಆರ್ಕೇಡ್ ಬೋರ್ಡ್ 59.19ರಲ್ಲಿ, ಮೊದಲ ಮಾರ್ಟಲ್ ಕಾಂಬ್ಯಾಟ್ 54.7ರಲ್ಲಿ. ಕೊನೆಯದನ್ನು ಹಾಗೇ 60ಕ್ಕೆ ಏರಿಸಿದರೆ ಆಟ ಸುಮಾರು ಶೇ 10ರಷ್ಟು ಚುರುಕಾಗುತ್ತದೆ. ಅಲ್ಲಿ ಫ್ರೇಮ್ ಎಣಿಕೆಯನ್ನೇ ಮರುಹಂಚಬೇಕು. ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಂಥ ಆಟಗಳಲ್ಲಿ ಹೆಚ್ಚಿನ ವೇಗ ಬಂದದ್ದು ಕೆಲವು ಫ್ರೇಮ್‌ಗಳನ್ನು ತೋರಿಸದೆ ಹಾರಿಸಿ, ಹಾಗಾಗಿ ಪರದೆ ನೋಡಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಕಾರಣ ಇನ್‌ಪುಟ್ ಲ್ಯಾಗ್. ಗುಂಡಿಗೆ ಒಂದು ಎಲ್‌ಇಡಿ ಕಟ್ಟಿ, ಅದೂ ಪರದೆಯೂ ಕಾಣುವಂತೆ 240 ಫ್ರೇಮ್ ವೇಗದ ಫೋನ್ ಕ್ಯಾಮೆರಾದಲ್ಲಿ ಚಿತ್ರಿಸಿ. ವಿಡಿಯೊದ ಒಂದು ಚೌಕಟ್ಟು 4.17 ಮಿಲಿಸೆಕೆಂಡ್. ದೀಪ ಹೊತ್ತಿದ್ದಕ್ಕೂ ಪಾತ್ರ ಅಲುಗಿದ್ದಕ್ಕೂ ನಡುವೆ 16ಕ್ಕಿಂತ ಹೆಚ್ಚು ಚೌಕಟ್ಟು ಇದ್ದರೆ, ಅಂದರೆ ಆಟದ 4 ಫ್ರೇಮ್ ದಾಟಿದರೆ, ವಿ-ಸಿಂಕ್ (ಚಿತ್ರವನ್ನು ಪರದೆಯ ವೇಗಕ್ಕೆ ಹೊಂದಿಸುವ ಸೌಲಭ್ಯ) ಮತ್ತು ಎಂಜಿನ್‌ನ ಚಿತ್ರ ಸರದಿಯನ್ನು ತಿದ್ದಿ. ಇನ್‌ಪುಟ್ ಓದುವುದು ಲೆಕ್ಕ ಶುರುವಾಗುವ ಮೊದಲೇ ಆಗುತ್ತಿದೆಯೇ ಎಂದೂ ನೋಡಿ, ಬಹಳ ಕಡೆ ಅದು ಒಂದು ಫ್ರೇಮ್ ಹಿಂದಿರುತ್ತದೆ.

ಪ್ರಶ್ನೆ: ಅಗಲ ಪರದೆಗೆ ಹಿಗ್ಗಿಸಿದರೆ ತೊಂದರೆಯೇ?

ಎಳೆದು ಹಿಗ್ಗಿಸುವುದು ಅಪಚಾರ. ಸಿಪಿಎಸ್ ಬೋರ್ಡ್‌ಗಳ 384×224 ಚಿತ್ರ 4:3 ಪರದೆಗೆ ಮಾಡಿದ್ದು, ಅದರ ಪಿಕ್ಸೆಲ್ ಚೌಕವೂ ಅಲ್ಲ. ಅದೇ ಎತ್ತರದಲ್ಲಿ 16:9 ತೋರಿಸಿದರೆ ಅಗಲ ಮೂರನೇ ಒಂದು ಪಾಲು ಹೆಚ್ಚುತ್ತದೆ, ಫೈರ್‌ಬಾಲ್ ಎಸೆಯುವ ಪಾತ್ರಗಳಿಗೆ ಅಷ್ಟೂ ದೂರ ಪುಕ್ಕಟೆ ಸಿಗುತ್ತದೆ. ಹೋರಾಟದ ಗೋಡೆಗಳನ್ನು ಹಳೆಯ ಅಗಲಕ್ಕೇ ಇಟ್ಟು, ಹಿನ್ನೆಲೆಯನ್ನು ಮಾತ್ರ ಎರಡೂ ಬದಿಗೆ ಬೆಳೆಸಿ.

ಪ್ರಶ್ನೆ: ಒಂದೇ ಗುಂಡಿಯ ವಿಶೇಷ ಹೊಡೆತ ಕೊಟ್ಟರೆ ಸರಣಿಯ ಆತ್ಮ ಸಾಯುತ್ತದೆ ಎನ್ನುತ್ತಾರೆ.

ಹೊಸಬರನ್ನು ಬಾಗಿಲಲ್ಲೇ ನಿಲ್ಲಿಸುವವರ ಮಾತಿದು, ನಾನು ಒಪ್ಪುವುದಿಲ್ಲ. 2023ರ ಸ್ಟ್ರೀಟ್ ಫೈಟರ್ 6 ಇದನ್ನು ಕೊಟ್ಟು, ಒಂದೇ ಗುಂಡಿಯಿಂದ ಬಂದ ವಿಶೇಷ ಹೊಡೆತಗಳಿಗೆ ಶೇ 20ರಷ್ಟು ಹಾನಿ ಕಡಿತಗೊಳಿಸಿತು. ಆದರೆ ಹಾನಿ ತಗ್ಗಿಸಿದರೆ ಸಾಕೆಂದು ಕೂರಬೇಡಿ. ಲಿವರ್ ಸುತ್ತುವುದಕ್ಕೆ ಸಮಯ ಬೇಕು, ಸುತ್ತುವಾಗ ಹಿಂದಕ್ಕೆ ಹಿಡಿದು ಬ್ಲಾಕ್ ಮಾಡಲಾಗದು. ಆ ಎರಡು ಬೆಲೆಗಳು ಗುಂಡಿಯಲ್ಲಿ ಮಾಯವಾಗುತ್ತವೆ. ಜಿಗಿದು ಬರುವವನನ್ನು ಹೊಡೆದುರುಳಿಸುವ ಅಪ್ಪರ್‌ಕಟ್‌ಗೆ ಗುಂಡಿ ದಾರಿಯಲ್ಲಿ 1 ಅಥವಾ 2 ಫ್ರೇಮ್ ಹೆಚ್ಚಿನ ಸ್ಟಾರ್ಟಪ್ ಇಟ್ಟು ಪರೀಕ್ಷಿಸಿ. ಕೆಲವು ಹೊಡೆತಗಳನ್ನು ಸುತ್ತುವವರಿಗೇ ಮೀಸಲಿಡಿ.

ಪ್ರಶ್ನೆ: ಎಐ ಅಪ್‌ಸ್ಕೇಲ್ ಮಾಡಿದರೆ ಹಳೆಯ ಸ್ಪ್ರೈಟ್‌ಗಳು (ಪಾತ್ರಗಳ ಪಿಕ್ಸೆಲ್ ಚಿತ್ರಗಳು) ಎಚ್‌ಡಿ ಆಗುವುದಿಲ್ಲವೇ?

ಇಲ್ಲ. ಚಿತ್ರ ಚಿತ್ರಕ್ಕೂ ಅಂಚು, ಬೆರಳು ಬೇರೆಯಾಗಿ ಪಾತ್ರ ನಿಂತಲ್ಲೇ ನಡುಗುತ್ತದೆ. ಮೂಲ ಪಿಕ್ಸೆಲ್ ಇಡಿ, ಇಲ್ಲವೇ ಕೈಯಿಂದ ಮತ್ತೆ ಬರೆಸಿ.

ಪ್ರಶ್ನೆ: ಲೆಕ್ಕವನ್ನು 120 ಫ್ರೇಮ್‌ಗೆ ಏರಿಸಲೇ?

ಬೇಡ. ಚಿತ್ರ 120 ಇರಲಿ, ಲೆಕ್ಕ 60.

ಪ್ರಶ್ನೆ: ನಮ್ಮದು ಲಾಭಕ್ಕಲ್ಲದ ಅಭಿಮಾನಿ ಯೋಜನೆ. ಅನುಮತಿ ಬೇಕೇ?

ಬೇಕು. ಹಣ ಮಾಡದಿರುವುದು ರಕ್ಷಣೆಯಲ್ಲ. ಹಾಗೆಂದು ನಂಬಿಸುವವರ ಮಾತು ಕೇಳಿ ವರ್ಷಗಟ್ಟಲೆ ದುಡಿದದ್ದು ಒಂದು ನೋಟಿಸಿಗೆ ಹೋಗುತ್ತದೆ. ಆಟದ ನಿಯಮಗಳನ್ನು ಎರವಲು ಪಡೆಯುವುದು ಬೇರೆ, ಪಾತ್ರ, ಹೆಸರು, ಚಿತ್ರ, ಸಂಗೀತ ಬೇರೆ. ಅನುಮತಿ ಸಿಕ್ಕಿದವರೂ ಧ್ವನಿ, ಸಂಗೀತ, ಅತಿಥಿ ಪಾತ್ರಗಳಿಗೆ ಪ್ರತ್ಯೇಕವಾಗಿ, ಅವಧಿ ಸಮೇತ ಬರಹದಲ್ಲಿ ಪಡೆಯಿರಿ. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಡಿಜಿಟಲ್ ಅಂಗಡಿಗಳಿಂದ 2013ರಲ್ಲಿ ಹೋದದ್ದು, ಸಂಕಲನದ ಭಾಗವಾಗಿ ಮರಳಿದ್ದು 2024ರಲ್ಲಿ.

ಪ್ರಶ್ನೆ: ಹೋಲಿಸಿ ನೋಡಲು ಕೊಂಡ ಸಿಪಿಎಸ್-2 ಬೋರ್ಡ್ ಆನ್ ಮಾಡಿದರೆ ಒಂದೇ ಬಣ್ಣದ ಖಾಲಿ ಪರದೆ. ರಾಮ್ ಚಿಪ್ ಬದಲಿಸಲು ಹೇಳುತ್ತಿದ್ದಾರೆ.

ಬದಲಿಸಬೇಡಿ, ಮೊದಲು ಒಳಗಿನ 3.6 ವೋಲ್ಟ್ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಅದು ಸತ್ತರೆ ಡಿಕ್ರಿಪ್ಶನ್ ಕೀ ಅಳಿಯುತ್ತದೆ, ಆಟದ ಡೇಟಾ ಹಾಗೇ ಇರುತ್ತದೆ. ಕೀಗಳು ಈಗ ಬಹಿರಂಗವಾಗಿವೆ, ಸಣ್ಣ ಮೈಕ್ರೊಕಂಟ್ರೋಲರ್‌ನಿಂದ ಮತ್ತೆ ತುಂಬಬಹುದು. ಸೋರಿದ ಬ್ಯಾಟರಿಯಾದರೆ ತಾಮ್ರದ ಗೆರೆಗಳನ್ನು ಶುಚಿ ಮಾಡಿ, ತುಂಡಾಗಿವೆಯೇ ಎಂದು ಮೀಟರ್‌ನಲ್ಲಿ ನೋಡಿದ ಮೇಲಷ್ಟೇ ಕರೆಂಟ್ ಕೊಡಿ.