ಪ್ರತಿಕ್ರಿಯೆ: ಕುಯ್ಲಲ್ಲಿ ಬೈಯದೆ ಕೆಲ್ಸ ಮಾಡ್ಸೋದು ಹೆಂಗೆ

ಮೂಡಿಗೆರೆ ಕಡೆ ತೋಟದಲ್ಲಿ ರೈಟರ್ (ಕೆಲ್ಸದೋರನ್ನ ನೋಡ್ಕೊಂಡು ಲೆಕ್ಕ ಬರೆಯೋನು) ಆಗಿದೀನಿ, ಕಾಫಿ ಕುಯ್ಲಲ್ಲಿ ಹಣ್ಣಿನ ಜೊತೆ ಹಸಿರು ಕಾಯೂ ಕಿತ್ತಾಕ್ತಾರೆ, ಬೈಯದೆ ಕೆಲ್ಸ ಆಗಲ್ಲ, ಆದ್ರೆ ಭಾನುವಾರ ಚರ್ಚಲ್ಲಿ ಕೂತ್ರೆ ಮನ್ಸಿಗೆ ಚುಚ್ಚುತ್ತೆ ಅಂತ ಕೇಳಿದೀರಲ್ಲ ಬ್ರದರ್, ನೋಡಿ, ತಪ್ಪನ್ನ ತಪ್ಪು ಅನ್ಬೇಡಿ ಅಂತ ಬೈಬಲ್ ಹೇಳಲ್ಲ. ಎಫೆಸ 4:25ರಲ್ಲಿ ನಿಜ ಮಾತಾಡಿ ಅಂತಿದೆ, 29ರಲ್ಲಿ ಕೆಟ್ಟ ಮಾತು ಬೇಡ, ಕೇಳೋರಿಗೆ ಉಪಯೋಗ ಆಗೋದನ್ನ ಆಡಿ ಅಂತಿದೆ, ಎರಡನ್ನೂ ಒಟ್ಟಿಗೇ ಓದ್ಬೇಕು. "ಅಕ್ಕ, ಹಣ್ಣು ಮಾತ್ರ ಕೀಳಿ, ಹಸಿರು ಕಾಯಿ ಪಲ್ಪರ್ ಮಿಷಿನಲ್ಲಿ ಸರಿಯಾಗಿ ಸಿಪ್ಪೆ ಬಿಡಲ್ಲ" ಅಂತ ಕಾರಣ ಸಮೇತ ಹೇಳಿ. ಅವ್ರ ಹುಟ್ಟು, ಊರು, ಭಾಷೆ ಎತ್ತಿ ಆಡೋದಿದೆಯಲ್ಲ (ಈಗ ಅಸ್ಸಾಂ ಕಡೆಯೋರೂ ಬರ್ತಾರೆ, ಅವ್ರಿಗಂತೂ ಬಾಯಿಗೆ ಬಂದಂಗೆ ಅಂತಾರೆ), ತಪ್ಪು ಅದು. ದೇವ್ರನ್ನ ಸ್ತುತಿಸೋ ನಾಲಿಗೆಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನ ಶಪಿಸ್ತೀವಿ ಅಂತ ಯಾಕೋಬ 3:9ರಲ್ಲಿರೋದು ಇದನ್ನೇ. ಆಮೇಲೆ ತೂಕದ ಹೊತ್ತಲ್ಲಿ ಎಲ್ರೆದುರು ಬೇಡ, ಪಕ್ಕಕ್ಕೆ ಕರ್ದು ಹೇಳಿ, ತಪ್ಪು ಮಾಡಿದ ಸಹೋದರನಿಗೆ ಒಬ್ಬನೇ ಇದ್ದಾಗ ಹೇಳು ಅಂತ ಮತ್ತಾಯ 18:15ರಲ್ಲಿದೆ, ಅದು ಸಭೆಯ ಸಹೋದರರ ವಿಷ್ಯ, ಆದ್ರೂ ತೋಟಕ್ಕೂ ಒಗ್ಗುತ್ತೆ ಅನ್ಸುತ್ತೆ ನಂಗೆ. ಇನ್ನೊಂದು, ಕೆಜಿ ಲೆಕ್ಕದ ಕೂಲಿ ಆದ್ರೆ ತೂಕಕ್ಕೋಸ್ಕರ ಕಾಯಿ ಕೀಳೋದು ಇದ್ದೇ ಇರುತ್ತೆ, ಅದನ್ನ ಅವ್ರ ಹತ್ರ ಅಲ್ಲ, ಮಾಲೀಕರ ಹತ್ರ ಮಾತಾಡಿ.