ಅಮೆರಿಕದ ಪೌರತ್ವ ಪಡೆದವರು ಮತ್ತೆ ಭಾರತೀಯರಾಗಲು ಜನನ ಪ್ರಮಾಣಪತ್ರ ಸಾಕೇ?

ಹಾಸನದಲ್ಲಿ ಹುಟ್ಟಿ, ಅಮೆರಿಕದ ಪೌರತ್ವ ಪಡೆದು, ಈಗ ಊರಿಗೇ ಮರಳಿರುವ ನೀವು ಎರಡು ವಿಷಯ ಕೇಳಿದ್ದೀರಿ: ಜನನ ಪ್ರಮಾಣಪತ್ರ ತೋರಿಸಿದರೆ ಭಾರತದ ಪೌರತ್ವ ಮರಳಿ ಸಿಗುತ್ತದೆಯೇ, ಅಮೆರಿಕದ ಪೌರತ್ವವನ್ನು ಈಗಲೇ ಬಿಟ್ಟುಬಿಡಲೇ? ದಯವಿಟ್ಟು ಈಗಲೇ ಬಿಡಬೇಡಿ. ನಾನೂ ಇದೇ ದಾರಿಯಲ್ಲಿ ಬಂದವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜನನ ಪ್ರಮಾಣಪತ್ರ ನೀವು ಇಲ್ಲಿ ಹುಟ್ಟಿದ್ದನ್ನಷ್ಟೇ ಹೇಳುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ನಮ್ಮ ಭಾರತೀಯ ಪೌರತ್ವ ಹೋಯಿತು. ಆದ್ದರಿಂದ ನೀವು ಹೊಸದಾಗಿ ನೋಂದಣಿಯಾಗಬೇಕು. ನಿಮಗೆ ಒಪ್ಪುವುದು ಅದೇ ಕಾಯ್ದೆಯ 5(1)(ಎಫ್): ಹಿಂದೆ ಸ್ವತಂತ್ರ ಭಾರತದ ಪೌರರಾಗಿದ್ದವರು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲೇ ವಾಸವಾಗಿದ್ದರೆ ಅರ್ಜಿ ಹಾಕಬಹುದು. ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಐದು ವರ್ಷ ಹಳೆಯದಾಗಿರಬೇಕೆಂಬ ಷರತ್ತು ಇರುವುದು (ಜಿ) ಉಪವಿಧಿಯಲ್ಲಿ. (ಎಫ್) ಅಡಿಯ ಅರ್ಜಿಗೆ ಅದು ಬೇಕಿಲ್ಲ.

ಆ ಹನ್ನೆರಡು ತಿಂಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಗಳ ಬಾಣಂತನ, ಸ್ನೇಹಿತರ ಮನೆಯ ಮದುವೆ ಎಂದು ನಡುವೆ ಅಮೆರಿಕಕ್ಕೆ ಹೋಗಿಬಂದರೆ ಲೆಕ್ಕ ಕೆಡುತ್ತದೆ. ವಿಶೇಷ ಸಂದರ್ಭದಲ್ಲಿ ಒಟ್ಟು ಮೂವತ್ತು ದಿನಗಳವರೆಗೆ ಸಡಿಲಿಕೆ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಆದರೆ ಅದನ್ನು ನಂಬಿ ಟಿಕೆಟ್ ಕೊಳ್ಳಬೇಡಿ.

ಅರ್ಜಿಯನ್ನು ಗೃಹ ಸಚಿವಾಲಯದ ಜಾಲತಾಣದಲ್ಲಿ ತುಂಬಿ ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಸಬೇಕು. ಹಳೆಯ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ವಿಚಾರಣೆ ಮುಗಿದು ಕಡತ ದೆಹಲಿಗೆ ಹೋಗುತ್ತದೆ. ಒಮ್ಮೆ ಪೌರತ್ವ ಕಳೆದುಕೊಂಡವರನ್ನು ನೋಂದಾಯಿಸಲು ಕೇಂದ್ರದ ಆದೇಶವೇ ಬೇಕು. ಈ ಹಂತದಲ್ಲಿ ನೀವು ಕೊಡುವುದು, ಅರ್ಜಿ ಮಂಜೂರಾದರೆ ಅಮೆರಿಕದ ಪೌರತ್ವ ತ್ಯಜಿಸುತ್ತೇನೆ ಎಂಬ ಮುಚ್ಚಳಿಕೆ ಮಾತ್ರ. ಒಪ್ಪಿಗೆಯ ಪತ್ರ ಕೈಗೆ ಬಂದ ಮೇಲೆಯೇ ಅಮೆರಿಕದ ದೂತಾವಾಸಕ್ಕೆ ಹೋಗಿ. ಮೊದಲೇ ಹೋದರೆ, ಇಲ್ಲಿ ಅರ್ಜಿ ತಿರಸ್ಕೃತವಾದಾಗ ನೀವು ಯಾವ ದೇಶದ ಪೌರರೂ ಅಲ್ಲ. ಆ ಸ್ಥಿತಿ ಯಾರಿಗೂ ಬೇಡ. ಪೌರತ್ವ ಬಿಟ್ಟವರು ಅಮೆರಿಕದ ತೆರಿಗೆ ಇಲಾಖೆಗೆ ನಮೂನೆ 8854 ಸಲ್ಲಿಸುವುದಿರುತ್ತದೆ, ಆಸ್ತಿ ಹೆಚ್ಚಿದ್ದರೆ ಮುಂಚೆಯೇ ಲೆಕ್ಕಪರಿಶೋಧಕರನ್ನು ಕಾಣಿ.

"ಒಸಿಐ ಇದೆಯಲ್ಲ, ಇಷ್ಟೆಲ್ಲ ಯಾಕೆ?" ಎಂದು ನಿಮ್ಮನ್ನೂ ಕೇಳುತ್ತಾರೆ. ಒಸಿಐ ಇದ್ದವರಿಗೆ ಮತ ಹಾಕುವ ಹಕ್ಕಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ನಾನು ಬದುಕುವ ಊರಿನ ರಸ್ತೆ, ನೀರು, ಶಾಲೆಯ ಬಗ್ಗೆ ತೀರ್ಮಾನಿಸುವವರನ್ನು ಆರಿಸುವಾಗ ನಾನು ಹೊರಗಿನವಳಾಗಿ ನಿಲ್ಲುವುದು ನನಗೆ ಸಹಿಸಲಾಗಲಿಲ್ಲ.

ನಿಮ್ಮ ಮಗನ ಪೌರತ್ವದ ವಿಷಯವನ್ನು ಬೇರೆಯಾಗಿಯೇ ನೋಡಿ. ಹದಿನೆಂಟು ತುಂಬಿದ ಒಂದು ವರ್ಷದೊಳಗೆ ಘೋಷಣೆ ಕೊಟ್ಟರೆ ಸಾಕು, ಭಾರತದ ಪೌರತ್ವ ಮರಳುತ್ತದೆ ಎಂದು ಹಲವರು ಹೇಳುತ್ತಾರೆ. ಅದು 8(2)ನೇ ಸೆಕ್ಷನ್. ಹೆತ್ತವರು ಘೋಷಣೆ ಮಾಡಿ ಪೌರತ್ವ ತ್ಯಜಿಸಿದ್ದರೆ ಮಾತ್ರ ಅದು ಅನ್ವಯ, ನಮ್ಮಂತೆ 9ನೇ ಸೆಕ್ಷನ್ನಿನಡಿ ತಾನಾಗಿ ಕಳೆದುಕೊಂಡವರ ಮಕ್ಕಳಿಗಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಅವನೂ ವಯಸ್ಕನಾದ ಮೇಲೆ ಇಲ್ಲಿ ಹನ್ನೆರಡು ತಿಂಗಳು ವಾಸವಿದ್ದು ತನ್ನದೇ ಅರ್ಜಿ ಹಾಕಬೇಕಾಗುತ್ತದೆ.