ಸಂಪಾದಕರ ಉತ್ತರ: ಪದವಿನ ಸರ್ವೆ ಕೋರೆಗಿಂತ ಮೊದಲೇ ಆಗಲಿ

ಕಾರ್ಕಳ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರ ಪದವಿನಲ್ಲಿ (ಕೆಂಪುಕಲ್ಲಿನ ಎತ್ತರದ ಬಯಲಿನಲ್ಲಿ) ಕೆಂಪುಕಲ್ಲು ಕೋರೆಗೆ ಅರ್ಜಿ ಬಿದ್ದಿದೆ. ಅಲ್ಲಿ ಪಾರೆಯಲ್ಲಿ (ಹಾಸುಬಂಡೆಯಲ್ಲಿ) ದುಂಡಗೆ ಕೊರೆದ ಬಾಯಿ ಇದೆ. ಹಿರಿಯರು ಪಾಂಡವರ ಗುಹೆ ಅನ್ನುತ್ತಾರೆ. 'ಪುರಾತತ್ವ ಇಲಾಖೆಯ ಬೋರ್ಡು ಇಲ್ವಲ್ಲ, ಬೇಕಾದರೆ ಪರ್ಮಿಟ್ ಸಿಕ್ಕ ಮೇಲೆ ಪುರಾತತ್ವ ಸರ್ವೆ ಮಾಡಿಸುತ್ತೇವೆ' ಅನ್ನುತ್ತಾರೆ ಕೋರೆಯವರು. ಇದನ್ನು ಒಪ್ಪಬಹುದಾ?"

ನಮಸ್ಕಾರ. ಒಪ್ಪಬೇಡಿ. ಪರ್ಮಿಟ್ ಕೈಗೆ ಬಂದ ಮೇಲೆ ಮಾಡುವ ಸರ್ವೆ ಆ ಗುಹೆಯನ್ನು ಉಳಿಸುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ ಆದದ್ದು ಇದೇ. ಅಲ್ಲಿನ ಕಲ್ಲಾಸರೆಗಳಲ್ಲಿ (ಬಂಡೆಯಡಿಯ ತಂಗುದಾಣಗಳಲ್ಲಿ) ಸುಮಾರು 46,000 ವರ್ಷಗಳಿಂದ ಜನ ಬಂದು ಹೋಗುತ್ತಿದ್ದರು. ಅವನ್ನು ಒಡೆದು ಕಬ್ಬಿಣದ ಅದಿರು ತೆಗೆಯಲು ರಿಯೊ ಟಿಂಟೊ ಕಂಪನಿಗೆ 2013ರಲ್ಲೇ ಸರಕಾರದ ಒಪ್ಪಿಗೆ ಸಿಕ್ಕಿತ್ತು. ಅದಾದ ಮೇಲೆ, 2014ರಲ್ಲಿ, ಪುರಾತತ್ವದವರು ಅಗೆದು ನೋಡಿದರು. ಸುಮಾರು 4,000 ವರ್ಷ ಹಳೆಯ, ಮನುಷ್ಯರ ಕೂದಲಿನಿಂದ ಹೆಣೆದ ಪಟ್ಟಿಯ ತುಂಡು ಸಿಕ್ಕಿತು. ಅದರ ಡಿಎನ್‌ಎ ಈಗಲೂ ಆ ನೆಲದವರಾಗಿರುವ ಮೂಲನಿವಾಸಿಗಳ ಡಿಎನ್‌ಎಗೆ ಹೊಂದಿತು. ಇಷ್ಟೆಲ್ಲ ಗೊತ್ತಾದರೂ, ಕೊಟ್ಟ ಒಪ್ಪಿಗೆಯನ್ನು ಹೊಸ ಮಾಹಿತಿ ಬಂತೆಂದು ಬದಲಿಸಲು ಅಲ್ಲಿನ ಕಾನೂನಿನಲ್ಲಿ ದಾರಿ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಸಿಡಿಮದ್ದು ಇಟ್ಟರು. ಆಮೇಲೆ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು, ಸಂಸತ್ತಿನಲ್ಲಿ ವಿಚಾರಣೆಯೂ ನಡೆಯಿತು. ಹೋದ ಕಲ್ಲು ಬರುತ್ತದಾ?

ಇನ್ನು ಬೋರ್ಡಿನ ಮಾತು. ಕೇಂದ್ರ ಸರಕಾರದ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಇದೆ. ಆದರೆ ಅದು ಪಟ್ಟಿಯಲ್ಲಿ ಇರುವವಕ್ಕೆ ಮಾತ್ರ. ಪಟ್ಟಿಗೆ ಸೇರಬೇಕಾದರೆ ಯಾರಾದರೂ ಮೊದಲು ಹೋಗಿ ನೋಡಿರಬೇಕಲ್ಲ! ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯಲ್ಲಿ ಕಲ್ಲುಚಪ್ಪಡಿಯ ಬೃಹತ್ ಶಿಲಾಯುಗದ (ದೊಡ್ಡ ಕಲ್ಲುಗಳಿಂದ ಸಮಾಧಿ ಮಾಡುತ್ತಿದ್ದ ಕಾಲದ) ಸಮಾಧಿಗಳಿವೆ. ಹೆಚ್ಚಿನವು ಹಾಳಾಗಿವೆ. ಹಾಗೆ ಹಾಳಾದ ಜಾಗದಿಂದಲೇ 2023ರಲ್ಲಿ ಸುಟ್ಟಮಣ್ಣಿನ ಗೊಂಬೆಗಳು ಸಿಕ್ಕ ಸುದ್ದಿ ಬಂತು.

ನಿಮ್ಮ ಪಾರೆಯ ಬಾಯಿಯೂ ಇದೇ ಕಾಲದ್ದು ಇರಬಹುದು. ಇರಲಿಕ್ಕಿಲ್ಲ ಅಂತಲೂ ಇಟ್ಟುಕೊಳ್ಳಿ, ನೋಡದೆ ಹೇಳಲಾಗದು. ಮುರಕಲ್ಲು, ಅಂದರೆ ಈ ಕೆಂಪುಕಲ್ಲು, ನೆಲದೊಳಗೆ ಮೆತ್ತಗೆ ಇರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಕರಾವಳಿಯಲ್ಲಿ ಆ ಕಾಲದವರು ಇದರಲ್ಲಿ ಕೋಣೆ ಕೊರೆದರು. ಮೇಲೆ ಒಬ್ಬರು ಇಳಿಯುವಷ್ಟು ದುಂಡು ಕಿಂಡಿ, ಒಳಗೆ ಗುಮ್ಮಟದ ಹಾಗೆ ಬಾಗಿದ ಗೋಡೆ. ಬುಡದ ಮಣ್ಣಿನಲ್ಲಿ ಒಂದು ಬದಿ ಕಪ್ಪು, ಒಂದು ಬದಿ ಕೆಂಪು ಇರುವ ಮಡಕೆಯ ಚೂರು ಸಿಕ್ಕರೆ ಅದು ದೊಡ್ಡ ಸುಳಿವು. ಕೋರೆಯ ಮೆಷಿನ್ ಕಲ್ಲು ತುಂಡರಿಸುವ ಮೊದಲೇ ಜೇಸಿಬಿ ಈ ಮೇಲ್ಮಣ್ಣನ್ನು ಬಾಚಿ ಬದಿಗೆ ಹಾಕುತ್ತದೆ. ಚೂರುಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಸರಿಯಾದ ಸರ್ವೆಗೆ ಹೊತ್ತು ಬೇಕು. ಹಳೇ ಗ್ರಾಮನಕ್ಷೆ ನೋಡಬೇಕು, ಪದವಿನ ಉದ್ದಕ್ಕೂ ಸಾಲಾಗಿ ನಡೆಯಬೇಕು, ಕಂಡದ್ದನ್ನೆಲ್ಲ ಜಿಪಿಎಸ್ ಸಮೇತ ಗುರುತಿಸಬೇಕು, ಬೇಕಾದಲ್ಲಿ ಸಣ್ಣ ಪರೀಕ್ಷಾ ಗುಂಡಿ ತೆಗೆಯಬೇಕು. ಮಳೆಗಾಲದಲ್ಲಿ ಬಂದರೆ ಹುಲ್ಲು ಬಿಟ್ಟು ಏನೂ ಕಾಣದು. ಹುಲ್ಲು ಒಣಗಿದ ಮೇಲೆ, ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಪಾರೆಯ ಮೇಲಿನ ತೆಳು ಗೀರುಗಳೂ ಎದ್ದು ಕಾಣುತ್ತವೆ. ಎಲ್ಲಕ್ಕಿಂತ ಜಾಸ್ತಿ, ಊರವರನ್ನು ಕೇಳಬೇಕು. ಗೋವಾದ ಉಸ್ಗಾಳಿಮಳದಲ್ಲಿ ಕುಶಾವತಿ ಹೊಳೆಯ ದಂಡೆಯ ಮುರಕಲ್ಲಿನ ಮೇಲೆ ಕೆತ್ತಿದ ಎತ್ತು, ಜಿಂಕೆ, ಸುರುಳಿಗಳು ಹೊರಜಗತ್ತಿಗೆ ತಿಳಿದದ್ದು ಊರವರು ಹೇಳಿದ ಮೇಲೆ, 1993ರಲ್ಲಿ. ಕೊಂಕಣ ಕರಾವಳಿಯ ಇಂಥ ಕೆತ್ತನೆಗಳು 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು.

ಕೋರೆಯೇ ಬೇಡ ಅನ್ನುವವನಲ್ಲ ನಾನು. ಮುರಕಲ್ಲು ಇಲ್ಲದೆ ನಮ್ಮಲ್ಲಿ ಮನೆ ಏಳುವುದು ಕಷ್ಟ, ಎಷ್ಟೋ ಜನರ ದುಡಿಮೆ ಅದರಲ್ಲಿದೆ. ಯಾವ ಭಾಗವನ್ನು ಬಿಡಬೇಕು ಅಂತ ಮೊದಲೇ ತಿಳಿದರೆ ಉಳಿದ ಕಡೆ ಅವರ ಕೆಲಸವೂ ತಕರಾರಿಲ್ಲದೆ ಸಾಗುತ್ತದೆ.

ನೀವು ಈಗಲೇ ಇಷ್ಟು ಮಾಡಿ. ಗುಹೆಯ ಪಕ್ಕ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸರ್ವೆ ನಂಬರು, ಜಿಪಿಎಸ್ ಬರೆದಿಟ್ಟುಕೊಳ್ಳಿ. ಒಳಗೆ ಅಗೆಯಬೇಡಿ, ಚೂರು ಕಂಡರೂ ಎತ್ತಬೇಡಿ. ಇದ್ದಲ್ಲೇ ಇದ್ದರೆ ಅದರ ಕಾಲ ಸರಿಯಾಗಿ ಹೇಳಲು ಸುಲಭ. ಹಿರಿಯರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಇದೆಲ್ಲ ಸೇರಿಸಿ, ಪರ್ಮಿಟ್ ಕೊಡುವ ಮೊದಲೇ ಪುರಾತತ್ವ ಸರ್ವೆ ಆಗಬೇಕೆಂದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ರಾಜ್ಯ ಪುರಾತತ್ವ ಇಲಾಖೆಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಪಂಚಾಯತಿಗೆ ಒಂದೊಂದು ಪ್ರತಿ ಹೋಗಲಿ. ಪ್ರತಿ ಕಡೆಯೂ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಗ್ರಾಮಸಭೆಯಲ್ಲೂ ಎತ್ತಿ, ನಡಾವಳಿಯಲ್ಲಿ ಬರೆಸಿ.

ಸೀಲು ಬಿದ್ದ ಒಂದು ಪ್ರತಿ, ಫೋಟೋಗಳು ನಮಗೂ ಬರಲಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.